ಪೆನ್ಸಿಲಿಗೆ ತೆರಿಗೆಯಿಲ್ಲ, ಪೆನ್ನಿಗೆ ಉಂಟು

2025ರ ಸೆಪ್ಟೆಂಬರ್ 22ರಿಂದ ನೋಟುಪುಸ್ತಕ, ಪೆನ್ಸಿಲ್, ರಬ್ಬರ್, ಭೂಪಟಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಪೂರ್ಣವಾಗಿ ರದ್ದಾಗಿದೆ. ಕಂಪಾಸ್ ಪೆಟ್ಟಿಗೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ಪೆನ್ನು ಮಾತ್ರ ಶೇ. 18ರಲ್ಲಿಯೇ ಉಳಿಯಿತು. ಮಗು ಪೆನ್ಸಿಲ್ ಬಿಟ್ಟು ಪೆನ್ನು ಹಿಡಿದ ದಿನವೇ ತೆರಿಗೆ ಕೊಡತೊಡಗುತ್ತದೆ ಎನ್ನಬೇಕು.

ಇಳಿಕೆ ಸ್ವಾಗತಾರ್ಹವೇ. ಆದರೆ ವಿನಾಯಿತಿ ಎಂಬುದರೊಳಗೊಂದು ತೊಡಕಿದೆ. ತೆರಿಗೆಯುಳ್ಳ ಸರಕನ್ನು ಮಾರುವವನು, ತಾನು ಕಚ್ಚಾ ಸರಕಿಗೆ ತೆತ್ತ ತೆರಿಗೆಯನ್ನು ಲೆಕ್ಕದಲ್ಲಿ ಮುರಿದುಕೊಳ್ಳಬಹುದು. ವಿನಾಯಿತಿ ಪಡೆದ ಸರಕಿನವನಿಗೆ ಆ ಹಕ್ಕಿಲ್ಲ. ಮುದ್ರಿತ ಪುಸ್ತಕಕ್ಕೆ ತೆರಿಗೆ ಮೊದಲಿನಿಂದಲೂ ಇಲ್ಲ. ಆದರೆ ಇದೇ ಪರಿಷ್ಕರಣೆಯಲ್ಲಿ ನೋಟುಪುಸ್ತಕದ ಕಾಗದಕ್ಕೆ ತೆರಿಗೆ ತೆಗೆದು, ಪುಸ್ತಕ ಮುದ್ರಿಸುವ ಕಾಗದಕ್ಕೆ ಶೇ. 12ರ ಬದಲು 18 ವಿಧಿಸಲಾಯಿತು. ಆ ಭಾರ ಪುಸ್ತಕದ ಬೆಲೆಯೊಳಗೆ ಅಡಗಿ ಕೂರುತ್ತದೆ, ರಸೀದಿಯಲ್ಲಿ ಕಾಣಿಸುವುದಿಲ್ಲ. ಎಂಟನೆಯ ತರಗತಿಯವರೆಗೆ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಮುಂದಿನ ತರಗತಿಗಳ ಪುಸ್ತಕ, ಮಾರ್ಗದರ್ಶಿ, ಕಥಾಪುಸ್ತಕಗಳನ್ನು ಕೊಳ್ಳಬೇಕಾದವರು ಪಾಲಕರು.

ನ್ಯಾಯದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಆದಾಯ ತೆರಿಗೆ ಗಳಿಕೆಯನ್ನು ನೋಡುತ್ತದೆ. ಮಾರಾಟ ತೆರಿಗೆ ಕೊಳ್ಳುವವರ ಕೈಯನ್ನು ನೋಡುವುದಿಲ್ಲ. ಸೋಯಾಬೀನ್ ರಾಶಿಗೆ ಕೂಲಿಗೆ ಹೋಗುವ ತಾಯಿಯೂ ಅಡತಿ ಅಂಗಡಿಯ ಮಾಲೀಕರೂ ಒಂದು ಪೆನ್ನಿಗೆ ತೆರುವುದು ಒಂದೇ ತೆರಿಗೆ. ಆಕೆ ಗಳಿಸಿದ್ದೆಲ್ಲವೂ ಖರ್ಚಾಗುತ್ತದೆ. ಅವರದು ಒಂದಷ್ಟು ಉಳಿತಾಯವಾಗಿ ತೆರಿಗೆಯಿಂದ ಪಾರಾಗುತ್ತದೆ. ಬಿಡಿ ಬೇಳೆಗೆ ತೆರಿಗೆಯಿಲ್ಲದಿರುವುದು ಆಕೆಗೊಂದು ಆಸರೆ. ಆದರೆ 2022ರ ಜುಲೈ 18ರಿಂದ 25 ಕಿಲೋವರೆಗಿನ, ಚೀಟಿ ಅಂಟಿಸಿದ ಪೊಟ್ಟಣದ ಬೇಳೆಗೆ ಶೇ. 5 ಬಿದ್ದಿದೆ.

ಹಾಗೆಂದು ಹಳೆಯ ಪದ್ಧತಿ ಚೆನ್ನಾಗಿತ್ತೆಂದು ಹೇಳಲಾಗದು. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯವೇ ಆಗಿದ್ದವು. ರಾಜ್ಯಗಳು ಬೇರೆಯಾದ ಮೇಲೆ ಬೀದರದ ಸರಕು ಉದಗೀರಕ್ಕೆ ಬಂದರೂ, ಬಸವಕಲ್ಯಾಣದ್ದು ಉಮರಗಾಕ್ಕೆ ಬಂದರೂ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ಮುರಿದುಕೊಳ್ಳಲು ಬರುತ್ತಿರಲಿಲ್ಲ. 2017ರ ಜುಲೈ 1ರಂದು ಅದು ತೊಲಗಿತು; ವಾಣಿಜ್ಯ ತೆರಿಗೆಯ ತಪಾಸಣಾ ನಾಕೆಗಳೂ ಹೋದವು. ಈಗ ತೆರಿಗೆಯ ರಾಜ್ಯಪಾಲು ಸರಕು ಬಳಕೆಯಾಗುವ ರಾಜ್ಯಕ್ಕೆ ಸಲ್ಲುತ್ತದೆ. ದರ ಗಡಿಯ ಎರಡೂ ಕಡೆ ಒಂದೇ. ಆದರೆ ಪೆಟ್ರೋಲು, ಡೀಸೆಲ್ ಈ ವ್ಯವಸ್ಥೆಯ ಹೊರಗಿವೆ. ಅವುಗಳ ಬೆಲೆ ಎರಡು ರಾಜ್ಯಗಳಲ್ಲಿ ಎರಡು ಬಗೆ ಇರುವುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಗಡಿ ಅಳಿಯಿತೆನ್ನುವ ಈ ಕಾನೂನೇ ಸಣ್ಣ ವ್ಯಾಪಾರಿಯ ಮುಂದೆ ಇನ್ನೊಂದು ಗಡಿ ಎಳೆದಿದೆ. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ಸರಕು ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ, ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟು, ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಕಡ್ಡಾಯ. ಶೇ. 1ರ ಸರಳ ರಾಜಿ ತೆರಿಗೆ ಯೋಜನೆಯಲ್ಲಿರುವ ವರ್ತಕರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಉದಗೀರದ ಅಂಗಡಿಕಾರ ನೂರಾರು ಕಿಲೋಮೀಟರು ದೂರದ ಮುಂಬಯಿಗೆ ನಿರಾತಂಕವಾಗಿ ಶಾಲಾ ಚೀಲ ಕಳಿಸಬಹುದು. ಪಕ್ಕದ ಬೀದರಕ್ಕೆ ಕಳಿಸಿದರೆ ನೋಂದಣಿ, ಲೆಕ್ಕಪತ್ರ, ಲೆಕ್ಕಿಗನ ಶುಲ್ಕ ಎಲ್ಲವೂ ಬೆನ್ನಿಗೆ ಬೀಳುತ್ತವೆ. ಸೇವೆ ಒದಗಿಸುವವರಿಗೆ 20 ಲಕ್ಷದವರೆಗೆ ಈ ಕಡ್ಡಾಯದಿಂದ ಬಿಡುಗಡೆ ಸಿಕ್ಕಿದೆ. ಅಂಥದೇ ಮಿತಿಯನ್ನು ಸರಕಿಗೂ ಕೊಡಿರೆಂದು ಜಿಎಸ್‌ಟಿ ಮಂಡಳಿಯಲ್ಲಿ ಕೇಳಬೇಕಾದವರು ಮಹಾರಾಷ್ಟ್ರ ಮತ್ತು ಕರ್ನಾಟಕದ ಪ್ರತಿನಿಧಿ ಸಚಿವರು. ಎರಡೂ ರಾಜ್ಯಗಳಿಗೆ ಅಲ್ಲಿ ಸಮಾನ ಮತವಿದೆ.