ಮೂರು ಸಲ ಕೇಳುತ್ತಿದ್ದ ಸಂಘ

ಪ್ರಜಾಪ್ರಭುತ್ವ ನಮ್ಮಲ್ಲೇ ಹುಟ್ಟಿತು ಎನ್ನುವವರು ಬೌದ್ಧ ಸಂಘವನ್ನು ಸಾಕ್ಷಿಗೆ ಕರೆಯುವುದನ್ನು ವಿಚಾರಸಂಕಿರಣಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಸಾಕ್ಷಿಯ ಮಾತನ್ನು ಮಾತ್ರ ಯಾರೂ ಕೇಳಿಸಿಕೊಳ್ಳುವುದಿಲ್ಲ.

ವಿನಯಪಿಟಕದ ಪ್ರಕಾರ ಉಪಸಂಪದೆಯಂಥ ಮುಖ್ಯ ನಿರ್ಣಯಕ್ಕೆ ಪ್ರಸ್ತಾವ ಮಂಡಿಸಿ, ಒಪ್ಪದವರು ಮಾತಾಡಿ ಎಂದು ಮೂರು ಸಲ ಕೇಳಬೇಕು. ಆಮೇಲಿನ ಮೌನವಷ್ಟೇ ಸಮ್ಮತಿ. ಕಾಯಿಲೆ ಬಿದ್ದ ಭಿಕ್ಷುವಿನ ಒಪ್ಪಿಗೆಯನ್ನೂ ತರಿಸಬೇಕು. ವಿವಾದ ಬಗೆಹರಿಯದಿದ್ದರೆ ಕಡ್ಡಿ ಹಂಚಿ ಮತ ಎಣಿಸಬೇಕು. ಹಂಚುವವನಲ್ಲಿ ಪಕ್ಷಪಾತ, ದ್ವೇಷ, ಮೋಹ, ಭಯ ಇರಕೂಡದು.

2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ಎಣಿಸಿ ಎಂದು ಕೂಗಿದರೂ ಕೃಷಿ ಮಸೂದೆಗಳು ಧ್ವನಿಮತದಲ್ಲೇ ಪಾಸಾದವು. ಕಡ್ಡಿ ಎಣಿಸಿದವರ ವಾರಸುದಾರರಿಗೆ ತಲೆ ಎಣಿಸುವ ವ್ಯವಧಾನ ಇರಲಿಲ್ಲ. ಮರುವರ್ಷ ಆ ಕಾನೂನುಗಳನ್ನೇ ಹಿಂಪಡೆಯಬೇಕಾಯಿತು.

ಸಂಘವನ್ನು ನಾನು ಪೂಜೆಗಿಡುತ್ತಿಲ್ಲ. ದೀಕ್ಷೆಯಾಗಿ ನೂರು ವರ್ಷವಾದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ನಮಸ್ಕರಿಸಬೇಕೆಂಬ ನಿಯಮ ಅಲ್ಲಿತ್ತು. ಹೆಮ್ಮೆ ಪಡುವವರು ಇದನ್ನೂ ಹೇಳಲಿ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಭಿಕ್ಷುಸಂಘಗಳ ಸಂಸದೀಯ ನಿಯಮಗಳನ್ನು ನೆನೆದರು. ಭಾರತ ಆ ಪದ್ಧತಿಯನ್ನು ಒಮ್ಮೆ ಕಳೆದುಕೊಂಡಿದೆ, ಮತ್ತೆ ಕಳೆದುಕೊಂಡೀತೇ ಎಂಬುದು ಅವರ ಆತಂಕವಾಗಿತ್ತು. ನಾವು ನೆನಪನ್ನು ಇಟ್ಟುಕೊಂಡು ಆತಂಕವನ್ನು ಬಿಟ್ಟಿದ್ದೇವೆ. ಒಪ್ಪದವರನ್ನು ಮೂರು ಸಲ ಬೇಡ, ಒಂದು ಸಲವಾದರೂ ಕೇಳೋಣ.