ಯಮಗರ್ಣಿಯ ನೀರು, ದಿಲ್ಲಿಯ ಸಮಿತಿ
2019ರ ಆಗಸ್ಟ್, ಮತ್ತೆ 2021ರ ಜುಲೈ: ಎರಡೂ ಸಲ ವೇದಗಂಗೆ ಉಕ್ಕಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಬಂದ್ ಆಯಿತು, ಲಾರಿಗಳು ಸಾಲುಗಟ್ಟಿದವು, ಕಬ್ಬಿನ ಗರಿಯ ತುದಿಯಷ್ಟೇ ನೀರಿನ ಮೇಲೆ ಕಾಣುತ್ತಿತ್ತು. ಇಂಥ ನೆರೆಗೆ ನಂಟಿರುವ ಕಾಡು, ಹವಾಮಾನದ ವಿಷಯಗಳನ್ನು ಕೂತು ಪರಿಶೀಲಿಸಲು ಸಂಸತ್ತಿನಲ್ಲಿ 31 ಸದಸ್ಯರ ಸ್ಥಾಯಿ ಸಮಿತಿಯಿದೆ. ವಿದ್ಯುತ್ತಿಗೆ ಬೇರೆಯದೇ ಸಮಿತಿ. ರಾತ್ರಿ ಟಾರ್ಚ್ ಹಿಡಿದು ಮೋಟರ್ ಚಾಲೂ ಮಾಡಲು ಹೋಗುವ ರೈತನಿಗೆ ಮಾತ್ರ ಹೊಳೆ, ಕರೆಂಟು ಬೇರೆಬೇರೆಯಲ್ಲ. 2023ರಲ್ಲಿ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆಯನ್ನು ಕಾಡು, ಹವಾಮಾನದ ಸ್ಥಾಯಿ ಸಮಿತಿಗೆ ಕೊಡದೆ ಜಂಟಿ ಸಮಿತಿಗೆ ಒಪ್ಪಿಸಿದರು. ಆಗ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದ ಜೈರಾಮ್ ರಮೇಶ್ ಈ ಕ್ರಮವನ್ನು ವಿರೋಧಿಸಿದರು. ಜಂಟಿ ಸಮಿತಿ ಮಸೂದೆಯನ್ನು ಬದಲಾವಣೆಯಿಲ್ಲದೆ ಒಪ್ಪಿತು. ನನಗದು ಇಂದಿಗೂ ನೋವಿನ ಸಂಗತಿ. ಇನ್ನೊಂದು ಕೊರತೆಯೂ ಇದೆ: ಸಂಸತ್ತಿನ ಸಮಿತಿಗಳು ಜನರ ಸಲಹೆ ಕೇಳುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಯಮಗರ್ಣಿಯ ರೈತನ ಕನ್ನಡದ ಅರ್ಜಿಯನ್ನೂ ಅವು ತೆಗೆದುಕೊಳ್ಳಬೇಕು.