ಬರೆಯುವವರಿಗೊಂದು ಕೋಣೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಗೀತಕಾರ ಎಡ್ವರ್ಡ್ ಮ್ಯಾಕ್‌ಡೊವೆಲ್ ದಂಪತಿಗಳು 1896ರಲ್ಲಿ ಕೊಂಡ ಜಮೀನು 1907ರಿಂದ ಕಲಾವಿದರು, ಸಾಹಿತಿಗಳು ತಂಗುವ ತಾಣವಾಗಿದೆ. ಕಾಡಿನ ನಡುವೆ ಒಬ್ಬೊಬ್ಬರಿಗೆ ಒಂದೊಂದು ಕುಟೀರ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ಬಾಗಿಲಿಗಿಟ್ಟು ಹೋಗುತ್ತಾರೆ, ಮಾತನಾಡಿಸುವುದಿಲ್ಲ. ಥಾರ್ನ್‌ಟನ್ ವೈಲ್ಡರ್ ‘ಅವರ್ ಟೌನ್’ ನಾಟಕದ ಕೆಲಸ ಮಾಡಿದ್ದು ಅಲ್ಲಿ.

ಪುಕ್ಕಟೆ ಊಟ ಹಾಕಿ ಸೋಮಾರಿಗಳನ್ನು ಸಾಕುವುದೇಕೆಂದು ಕೆಲವು ಸದಸ್ಯರು ಕೇಳಬಹುದು. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವವರು ನಾವು. ಬರೆಯುವವರಿಂದ ಮಾತ್ರ ತಿಂಗಳೊಳಗೆ ಕೊಯ್ಲು ಕೇಳುವುದೆ?

ಸಂಘದ ಗೋದಾಮಿನ ಮೇಲಿನ ಎರಡು ಕೋಣೆಗಳು ಮಳೆಗಾಲವಿಡೀ ಖಾಲಿ. ಒಂದನ್ನು ಕನ್ನಡದ ಬರಹಗಾರರೊಬ್ಬರಿಗೆ ತಿಂಗಳ ಮಟ್ಟಿಗೆ ಬಿಟ್ಟುಕೊಡೋಣ. ಊಟ ಸರದಿಯ ಮೇಲೆ ನಮ್ಮ ಮನೆಗಳಿಂದ. ಬರೆದದ್ದನ್ನು ನಮಗೆ ತೋರಿಸಬೇಕೆಂಬ, ಸಂಘವನ್ನು ಹೊಗಳಬೇಕೆಂಬ ಕರಾರು ಬೇಡ. ವಿಷಯವನ್ನು ಮಹಾಸಭೆಯ ಮುಂದಿಡುತ್ತೇವೆ.